‘ವಿದೇಶಿ ಜಾಯಿಂಟ್ ಡಿಗ್ರಿ’ಗೆ ಫೀಸು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ಹಾಸನದ ಬಿ.ಎಂ. ರಸ್ತೆಯಲ್ಲಿ ಮತ್ತೆ ಫ್ಲೆಕ್ಸ್ ಎದ್ದಿದೆ. ‘ಊರಲ್ಲೇ ಓದಿ, ವಿದೇಶಿ ಜಾಯಿಂಟ್ ಡಿಗ್ರಿ ಪಡೆಯಿರಿ’ ಅಂತ. ಹೆಸರು ಬೇರೆ, ಬಣ್ಣ ಬೇರೆ, ಮಾತು ಮಾತ್ರ ಅದೇ. ಕಾಫಿ ಮಾರಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಸರಿಯಾಗಿ ಇವು ಬರುತ್ತವೆ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ತಮ್ಮ ಇಂಥದ್ದೇ ಒಂದು ಸೆಂಟರಿನಲ್ಲಿ ಆರೂವರೆ ಲಕ್ಷ ಕಟ್ಟಿ ಎಂಬಿಎ ಮುಗಿಸಿದ. ಆ ಡಿಗ್ರಿ ನಮ್ಮಲ್ಲಿ ಲೆಕ್ಕಕ್ಕಿಲ್ಲ ಅಂತ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಮ್ಮನಿಗೆ ಡಿಗ್ರಿ ಕೊಟ್ಟ ವಿದೇಶಿ ಯೂನಿವರ್ಸಿಟಿ ನಕಲಿ ಅಲ್ಲ. ಬ್ರಿಟನ್ನಿನಲ್ಲಿ ಡಿಗ್ರಿ ಕೊಡುವ ಅಧಿಕಾರ ಇರುವ ಸಂಸ್ಥೆಗಳ ಪಟ್ಟಿಯಲ್ಲಿ ಅದರ ಹೆಸರಿದೆ, ಕ್ಯಾಂಪಸ್ ಇದೆ, ಸಾವಿರಾರು ಮಕ್ಕಳು ಓದುತ್ತಾರೆ. ನಮ್ಮ ಕಡೆ ಎಲ್ಲರೂ ಕೇಳುವುದು ‘ಯೂನಿವರ್ಸಿಟಿ ಒರಿಜಿನಲ್ಲಾ?’ ಅಂತ ಮಾತ್ರ. ಒರಿಜಿನಲ್ಲೇ. ತೊಂದರೆ ಇದ್ದದ್ದು ಆ ಯೂನಿವರ್ಸಿಟಿಗೂ ಹಾಸನದ ಸೆಂಟರಿಗೂ ನಡುವಿನ ಒಪ್ಪಂದದಲ್ಲಿ. ಅದನ್ನು ಯಾರೂ ನಮಗೆ ತೋರಿಸಲಿಲ್ಲ.

ತಮ್ಮ ಸೇರಿದ್ದು 2022ರಲ್ಲಿ. ಸೆಂಟರ್ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಒಳಗೆ ಎ.ಸಿ., ಗಾಜಿನ ಬಾಗಿಲು, ಗೋಡೆಯ ತುಂಬ ಲೋಗೋಗಳು. ಕೌನ್ಸೆಲರ್ ಹುಡುಗಿ ಅಪ್ಪನಿಗೆ ಕಾಫಿ ತರಿಸಿಕೊಟ್ಟು, “ಅಂಕಲ್, ಯುಜಿಸಿಯೇ ಈ ವರ್ಷ ಜಾಯಿಂಟ್ ಡಿಗ್ರಿಗೆ ಪರ್ಮಿಷನ್ ಕೊಟ್ಟಿದೆ, ಪೇಪರಲ್ಲಿ ಬಂದಿತ್ತಲ್ವಾ?” ಅಂದಳು. ಅದೂ ಸುಳ್ಳಲ್ಲ ನೋಡಿ! 2022ರ ಮೇ ತಿಂಗಳಲ್ಲಿ ಯುಜಿಸಿ (ಯೂನಿವರ್ಸಿಟಿಗಳ ಮೇಲುಸ್ತುವಾರಿ ನೋಡುವ ಕೇಂದ್ರದ ಆಯೋಗ) ಟ್ವಿನ್ನಿಂಗ್, ಜಾಯಿಂಟ್ ಡಿಗ್ರಿ, ಡ್ಯೂಯಲ್ ಡಿಗ್ರಿಗಳಿಗೆ ಹೊಸ ನಿಯಮ ತಂದದ್ದು ನಿಜ. ಆ ನಿಯಮಕ್ಕೂ ಈ ಸೆಂಟರಿಗೂ ಸಂಬಂಧವೇ ಇಲ್ಲ ಅನ್ನುವುದನ್ನು ಮಾತ್ರ ಅವಳು ಹೇಳಲಿಲ್ಲ. ಇಂಥವರ ಚಾಲಾಕಿತನ ಇರುವುದೇ ಇಲ್ಲಿ. ಹೇಳುವುದೆಲ್ಲ ನಿಜವೇ, ಆದರೆ ಅದು ಬೇರೆ ಯಾರಿಗೋ ಅನ್ವಯಿಸುವ ನಿಜ.

ಆ ನಿಯಮ ಏನು ಹೇಳುತ್ತದೆ ಅಂತ ನಾನು ಆಮೇಲೆ ಕೂತು ಓದಿದೆ. ಯುಜಿಸಿ ವೆಬ್‌ಸೈಟಿನಲ್ಲಿ ಇದೆ, ದೊಡ್ಡದೇನಲ್ಲ. ಜಾಯಿಂಟ್ ಡಿಗ್ರಿ ಅಂದರೆ ಭಾರತದ ಒಂದು ಉನ್ನತ ಶಿಕ್ಷಣ ಸಂಸ್ಥೆ ಮತ್ತು ವಿದೇಶದ ಒಂದು ಸಂಸ್ಥೆ ಕೂಡಿ ಕೋರ್ಸ್ ರೂಪಿಸಬೇಕು. ಎರಡೂ ಕಡೆಯಿಂದ ಕನಿಷ್ಠ ಶೇ. 30ರಷ್ಟು ಕ್ರೆಡಿಟ್ (ಅಂದರೆ ಓದಿನ ಲೆಕ್ಕ) ಬರಬೇಕು. ಕೊನೆಗೆ ಇಬ್ಬರ ಹೆಸರೂ ಇರುವ ಒಂದೇ ಸರ್ಟಿಫಿಕೇಟ್. ಡ್ಯೂಯಲ್ ಡಿಗ್ರಿ ಆದರೆ ಇಬ್ಬರೂ ಬೇರೆ ಬೇರೆ ಸರ್ಟಿಫಿಕೇಟ್ ಕೊಡುತ್ತಾರೆ, ಅಲ್ಲೂ ಶೇ. 30ರಷ್ಟಾದರೂ ಕ್ರೆಡಿಟ್ ಭಾರತದ ಸಂಸ್ಥೆಯದ್ದಾಗಿರಬೇಕು. ಟ್ವಿನ್ನಿಂಗ್ ಆದರೆ ಹೆಚ್ಚೆಂದರೆ ಶೇ. 30 ಭಾಗ ಹೊರಗೆ ಓದಬಹುದು, ಡಿಗ್ರಿ ಕೊಡುವುದು ಇಲ್ಲಿನವರೇ. ಇಲ್ಲಿನ ಸಂಸ್ಥೆಯೂ ಯಾವುದೋ ಒಂದಾದರೆ ಆಗುವುದಿಲ್ಲ. ಯುಜಿಸಿಯನ್ನು ಕೇಳದೆ ನೇರವಾಗಿ ಒಪ್ಪಂದ ಮಾಡಿಕೊಳ್ಳಬೇಕಾದರೆ ನ್ಯಾಕ್‌ನಲ್ಲಿ (ಕಾಲೇಜು, ಯೂನಿವರ್ಸಿಟಿಗಳ ಗುಣಮಟ್ಟ ನೋಡಿ ಅಂಕ ಕೊಡುವ ಸಂಸ್ಥೆ) ಕನಿಷ್ಠ 3.01 ಅಂಕ, ಇಲ್ಲವೇ ಎನ್‌ಐಆರ್‌ಎಫ್ (ಕೇಂದ್ರ ಸರ್ಕಾರದ ರ‍್ಯಾಂಕಿಂಗ್) ಯೂನಿವರ್ಸಿಟಿ ಪಟ್ಟಿಯಲ್ಲಿ ಮೊದಲ ನೂರರೊಳಗೆ ಸ್ಥಾನ, ಇಲ್ಲವೇ ‘ಇನ್‌ಸ್ಟಿಟ್ಯೂಷನ್ ಆಫ್ ಎಮಿನೆನ್ಸ್’ ಅನ್ನುವ ಕೇಂದ್ರದ ವಿಶೇಷ ಪಟ್ಟ ಇರಬೇಕು. ಈ ನಿಯಮದ ಪ್ರಕಾರ ಪಡೆದ ಡಿಗ್ರಿಗೆ ಬೇರೆ ಯಾರ ಹತ್ತಿರವೂ ತತ್ಸಮಾನ ಪತ್ರ (ಇಲ್ಲಿನ ಡಿಗ್ರಿಗೆ ಸಮ ಅನ್ನುವ ಕಾಗದ) ತರಬೇಕಿಲ್ಲ ಅಂತಲೂ ಅದರಲ್ಲೇ ಬರೆದಿದೆ.

ಇದೇ ನಿಯಮದಲ್ಲಿ ಇನ್ನೆರಡು ಸಾಲಿವೆ. ಆನ್‌ಲೈನ್ ಮತ್ತು ದೂರಶಿಕ್ಷಣದ ಕೋರ್ಸಿಗೆ ಇದು ಅನ್ವಯಿಸುವುದಿಲ್ಲ. ಫ್ರಾಂಚೈಸಿ ಪದ್ಧತಿಯಲ್ಲಿ (ಹೆಸರು, ಡಿಗ್ರಿ ಒಬ್ಬರದ್ದು, ಪಾಠ ನಡೆಸುವುದು ಇನ್ನೊಬ್ಬರು), ನೇರವಾಗಿಯಾಗಲಿ ಸುತ್ತಿಬಳಸಿಯಾಗಲಿ, ಕೋರ್ಸ್ ನಡೆಸುವ ಹಾಗಿಲ್ಲ.

ನಮ್ಮ ಹಾಸನದ ಸೆಂಟರ್ ಯೂನಿವರ್ಸಿಟಿಯೂ ಅಲ್ಲ, ಕಾಲೇಜೂ ಅಲ್ಲ. ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. ಡಿಗ್ರಿ ಕೊಡುವ ಅಧಿಕಾರ ಯಾರಿಗಿದೆ ಅಂತ 1956ರ ಯುಜಿಸಿ ಕಾಯ್ದೆಯ 22ನೇ ಸೆಕ್ಷನ್ನಿನಲ್ಲೇ ಬರೆದಿದೆ, ಕಂಪನಿಗಳು ಅದರಲ್ಲಿ ಬರುವುದಿಲ್ಲ. ಅಂದಮೇಲೆ ಅಲ್ಲಿ ‘ಜಾಯಿಂಟ್’ ಆಗಲಿಕ್ಕೆ ಎರಡನೇ ಪಾಲುದಾರನೇ ಇರಲಿಲ್ಲ.

ಅನುಮಾನ ಮೊದಲು ಬಂದದ್ದು ನಮಗಲ್ಲ, ಸಕಲೇಶಪುರದ ಬ್ಯಾಂಕ್ ಮ್ಯಾನೇಜರಿಗೆ. ಎಜುಕೇಷನ್ ಲೋನ್ ಕೇಳಿದಾಗ ಅವರು ಪ್ರಾಸ್ಪೆಕ್ಟಸ್ ತಿರುವಿ ನೋಡಿ, “ಯುಜಿಸಿ ಇಲ್ಲಾ ಎಐಸಿಟಿಇ ಅಪ್ರೂವಲ್ ಲೆಟರ್ ಒಂದು ತಂದುಕೊಡಿ ಸಾರ್” ಅಂದರು. (ಎಐಸಿಟಿಇ ಅಂದರೆ ಎಂಬಿಎ, ಇಂಜಿನಿಯರಿಂಗ್ ಥರದ ಕೋರ್ಸುಗಳನ್ನು ನೋಡಿಕೊಳ್ಳುವ ಕೇಂದ್ರದ ಮಂಡಳಿ.) ಸೆಂಟರಿನವರು ಲೆಟರ್ ಕೊಡಲಿಲ್ಲ. ಬದಲಿಗೆ “ಲೋನ್ ಯಾಕೆ ಅಂಕಲ್, ಬಡ್ಡಿ ಸುಮ್ನೆ ದಂಡ. ಕಂತಿನಲ್ಲಿ ಕಟ್ಟಿ, ಮೆಣಸು, ಕಾಫಿ ಮಾರಿದ ಮೇಲೆ ಕೊಟ್ಟರೂ ಆಯ್ತು” ಅಂತ ಅಪ್ಪನನ್ನು ಒಪ್ಪಿಸಿದರು. ಎಷ್ಟು ಒಳ್ಳೆಯವರು ಅಂತ ಅಮ್ಮ ಹೊಗಳಿದ್ದೂ ಆಯಿತು. ಯಾವುದೇ ಕೋರ್ಸಿಗೆ ಬ್ಯಾಂಕ್ ಇಂಥ ಪತ್ರ ಕೇಳಿ, ಕೋರ್ಸಿನವರು ಅದನ್ನು ಕೊಡದೆ ಮಾತು ತೇಲಿಸಿದರೆ, ಅಲ್ಲಿಂದಲೇ ಎದ್ದು ಬನ್ನಿ. ಲೋನ್ ಬೇಡದಿದ್ದರೂ ಸರಿ, ಬ್ಯಾಂಕಿನಲ್ಲಿ ಒಮ್ಮೆ ಕೇಳಿ ನೋಡಿ.

ಪಾಠ ಹೇಗೆ ನಡೆಯುತ್ತಿತ್ತು ಅನ್ನುವುದನ್ನೂ ಹೇಳಬೇಕು. ಶನಿವಾರ, ಭಾನುವಾರ ಕ್ಲಾಸ್. ಬೇರೆ ಕಡೆ ಕೆಲಸ ಮಾಡುವವರು ಬಂದು ಪಾಠ ಮಾಡಿ ಹೋಗುತ್ತಿದ್ದರು. ಕೆಲವರು ಚೆನ್ನಾಗಿಯೇ ಮಾಡುತ್ತಿದ್ದರಂತೆ. ಉಳಿದದ್ದು ರೆಕಾರ್ಡ್ ಮಾಡಿದ ವಿಡಿಯೋ. ಲೈಬ್ರರಿ ಅಂದರೆ ಒಂದು ಸ್ಟೀಲ್ ರ‍್ಯಾಕ್ ಮತ್ತು ಆನ್‌ಲೈನ್ ಲಾಗಿನ್. ಅಸೈನ್‌ಮೆಂಟಿಗೆ ಅಂಕ ಹಾಕುವುದೂ ಇಲ್ಲಿಯವರೇ. ಅದರಲ್ಲಿ ಒಂದಿಷ್ಟನ್ನು ಸ್ಯಾಂಪಲ್ ಅಂತ ಯೂನಿವರ್ಸಿಟಿಗೆ ಕಳಿಸುತ್ತಾರೆ, ಅಲ್ಲಿಯವರು ನೋಡಿ ಸರಿ ಅನ್ನುತ್ತಾರೆ. ಒಂದು ಪೇಪರಿಗೆ ವರ್ಷಪೂರ್ತಿ ಮೇಷ್ಟ್ರೇ ಇರಲಿಲ್ಲ. ತಮ್ಮ ಯೂನಿವರ್ಸಿಟಿಗೆ ಮೇಲ್ ಹಾಕಿದಾಗ “ಬೋಧನೆ ಸ್ಥಳೀಯ ಪಾಲುದಾರರ ಹೊಣೆ” ಅನ್ನುವ ಉತ್ತರ ಬಂತು. ಸೆಂಟರಿನಲ್ಲಿ ಕೇಳಿದರೆ “ಕ್ವಾಲಿಟಿ ಎಲ್ಲ ಅಲ್ಲಿಂದಲೇ ಕಂಟ್ರೋಲ್ ಆಗುತ್ತೆ”. ಇಬ್ಬರು ಸೇರಿ ನಡೆಸುವ ಕೋರ್ಸಿನಲ್ಲಿ ಗುಣಮಟ್ಟ ಯಾರ ಹೊಣೆ ಅನ್ನುವುದು ಕಾಗದದ ಮೇಲೆ ಇರದಿದ್ದರೆ ಹೀಗೇ ಆಗುವುದು.

ಸರಿಯಾಗಿ ನಡೆಸುವವರು ಇಲ್ಲ ಅಂತಲ್ಲ. ಯುರೋಪಿನ ಎರಾಸ್ಮಸ್ ಮುಂಡಸ್ ಜಾಯಿಂಟ್ ಮಾಸ್ಟರ್ಸ್ 2004ರಿಂದ ನಡೆಯುತ್ತಿದೆ. ಎರಡು ಮೂರು ದೇಶಗಳ ಯೂನಿವರ್ಸಿಟಿಗಳು ಕೂಡಿ ಒಂದು ಕೋರ್ಸ್ ಮಾಡುತ್ತವೆ, ಹುಡುಗರು ಆ ದೇಶಗಳಿಗೆ ಹೋಗಿ ಓದುತ್ತಾರೆ. ಇಂಥ ಕೋರ್ಸನ್ನು ದೇಶಕ್ಕೊಂದು ತುಂಡು ಮಾಡದೆ, ಇಡೀ ಕೋರ್ಸನ್ನೇ ಒಟ್ಟಾಗಿ ಪರಿಶೀಲಿಸಬೇಕು ಅಂತ ಅಲ್ಲಿನ ಶಿಕ್ಷಣ ಸಚಿವರು 2015ರಲ್ಲಿ ಯೆರೆವಾನ್ ಸಭೆಯಲ್ಲಿ ಒಪ್ಪಿ ಒಂದು ವಿಧಾನವನ್ನೇ ಮಾಡಿದರು. ಅರ್ಜಿ ನೇರವಾಗಿ ಕೋರ್ಸ್ ನಡೆಸುವವರಿಗೇ ಹಾಕಬೇಕು, ಸ್ಕಾಲರ್‌ಶಿಪ್ ಕೂಡ ಇದೆ. ನಮ್ಮ ಸ್ಕೂಲಿನ ಹಿರಿಯ ಟೀಚರೊಬ್ಬರ ಮಗಳು ಹಾಗೆ ಹೋಗಿ ಓದಿ ಬಂದಳು. ಅವಳ ಮನೆಗೆ ಯಾವ ಕೌನ್ಸೆಲರೂ ಫೋನ್ ಮಾಡಿರಲಿಲ್ಲ.

2023ರ ಡಿಸೆಂಬರಿನಲ್ಲಿ, ತಮ್ಮ ಇನ್ನೂ ಓದುತ್ತಿದ್ದಾಗಲೇ, ಯುಜಿಸಿ ಒಂದು ಎಚ್ಚರಿಕೆ ಹೊರಡಿಸಿತು. ಕೆಲವು ಎಜು-ಟೆಕ್ (ಆ್ಯಪ್ ಮೂಲಕ ಪಾಠ ಮಾರುವ) ಕಂಪನಿಗಳು ಮತ್ತು ಕಾಲೇಜುಗಳು ವಿದೇಶಿ ಯೂನಿವರ್ಸಿಟಿಗಳ ಜೊತೆ ಸೇರಿ, ಯುಜಿಸಿ ಒಪ್ಪದ ರೀತಿಯಲ್ಲಿ ಡಿಗ್ರಿ ಕೊಡುತ್ತಿವೆ, ಅವಕ್ಕೆ ಮಾನ್ಯತೆ ಇಲ್ಲ ಅಂತ. ತಮ್ಮ ಗಾಬರಿಯಾಗಿ ಕೇಳಿದ. “ಅದು ಆ್ಯಪ್ ಕಂಪನಿಗಳಿಗೆ, ನಮಗಲ್ಲ” ಅಂತ ಸೆಂಟರಿನ ಡೈರೆಕ್ಟರ್ ನಕ್ಕರಂತೆ. ಅದೇ ವಾರ ಕೊನೆಯ ಕಂತಿನ ಮೆಸೇಜ್ ಬಂತು.

ಡಿಗ್ರಿ 2024ರಲ್ಲಿ ಬಂತು. ದಪ್ಪ ಕೆನೆ ಬಣ್ಣದ ಕಾಗದ, ಮೇಲೆ ಒಂದೇ ಲಾಂಛನ. ಪ್ರಾಸ್ಪೆಕ್ಟಸ್ಸಿನಲ್ಲಿ ಎರಡಿತ್ತು. ಜೊತೆಗೆ ಬಂದ ಟ್ರಾನ್‌ಸ್ಕ್ರಿಪ್ಟಿನ (ಅಂಕಪಟ್ಟಿಯ) ಎರಡನೇ ಹಾಳೆಯಲ್ಲಿ, ಕೆಳಗಡೆ, ಚಿಕ್ಕ ಅಕ್ಷರದಲ್ಲಿ ‘ಟೀಚಿಂಗ್ ಇನ್‌ಸ್ಟಿಟ್ಯೂಷನ್’ (ಪಾಠ ಮಾಡಿದ ಸಂಸ್ಥೆ) ಅಂತ ಒಂದು ಸಾಲು. ಅದರ ಮುಂದೆ ಸೆಂಟರಿನ ಹೆಸರು, ಹಾಸನ, ಇಂಡಿಯಾ. ಬೆಂಗಳೂರಿನ ಒಂದು ಯೂನಿವರ್ಸಿಟಿಗೆ ಪಿಎಚ್.ಡಿ.ಗೆ ಅರ್ಜಿ ಹಾಕಿದಾಗ ವೆರಿಫಿಕೇಷನ್ ಮಾಡುವವರು ಪೆನ್ನಿನಲ್ಲಿ ಗುಂಡು ಸುತ್ತಿದ್ದು ಆ ಸಾಲಿಗೇ. ತತ್ಸಮಾನ ಪತ್ರ ತನ್ನಿ ಅಂದರು. ಆಗ ಅದನ್ನು ಕೊಡುತ್ತಿದ್ದದ್ದು ದೆಹಲಿಯ ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಅಂದರೆ ಎಐಯು. ಅರ್ಜಿ ಹಾಕಿದ್ದಾಯಿತು, ಕಾದದ್ದಾಯಿತು, ಆಗುವುದಿಲ್ಲ ಅಂತ ಉತ್ತರ ಬಂತು. 2025ರ ಏಪ್ರಿಲ್‌ನಲ್ಲಿ ಯುಜಿಸಿ ತಾನೇ ವಿದೇಶಿ ಡಿಗ್ರಿಗಳ ತತ್ಸಮಾನತೆ ನೋಡುವ ಹೊಸ ನಿಯಮ ತಂದಾಗ ಮತ್ತೆ ಆಸೆ ಹುಟ್ಟಿತು. ಓದಿದರೆ ಅಲ್ಲೂ ಫ್ರಾಂಚೈಸಿ ಮೂಲಕ ಪಡೆದ ಡಿಗ್ರಿಗೆ ಬಾಗಿಲು ಹಾಕಿದೆ.

ಸೆಂಟರಿನವರು ಇದಕ್ಕೆ ಕೊಟ್ಟ ಪರಿಹಾರ ಅಪೊಸ್ಟೀಲ್. ಇನ್ನೊಂದಿಷ್ಟು ದುಡ್ಡು ಇಸಿದುಕೊಂಡು ಸರ್ಟಿಫಿಕೇಟಿನ ಹಿಂದೆ ಸ್ಟಿಕರ್ ಹಾಕಿಸಿಕೊಟ್ಟು, “ಸರ್ಕಾರಿ ಸೀಲೇ ಬಿತ್ತಲ್ಲ ಮೇಡಂ, ಇನ್ನೇನು” ಅಂದರು. ಅಪೊಸ್ಟೀಲ್ ಹೇಳುವುದು ಕಾಗದದ ಮೇಲಿನ ಸಹಿ, ಮುದ್ರೆ ಅಸಲಿ ಅಂತ ಅಷ್ಟೇ. ಪಹಣಿ ಜೆರಾಕ್ಸಿಗೆ ಗೆಜೆಟೆಡ್ ಆಫೀಸರ್ ಸಹಿ ಹಾಕಿದರೆ ಜಮೀನು ನಮ್ಮ ಹೆಸರಿಗೆ ಬಂದುಬಿಡುತ್ತದೆಯೇ?

“ಇಲ್ಲಿ ನಡೆಯದಿದ್ದರೆ ಏನು, ಹೊರಗೆ ಹೋಗು” ಅಂತ ಭಾವ ಹೇಳಿದರು. ಜರ್ಮನಿಗೆ ಹೋಗಬೇಕೆನ್ನುವವರು ‘ಅನಾಬಿನ್’ ಅನ್ನುವ ಅಲ್ಲಿನ ಡೇಟಾಬೇಸ್ ನೋಡುತ್ತಾರೆ. ಎಚ್ ಪ್ಲಸ್ ಇದ್ದರೆ ಸಂಸ್ಥೆಗೆ ಮಾನ್ಯತೆ ಇದೆ ಅಂತ. ತಮ್ಮನ ಯೂನಿವರ್ಸಿಟಿಗೆ ಎಚ್ ಪ್ಲಸ್ ಇತ್ತು, ಒಂದು ದಿನ ಮನೆಯಲ್ಲಿ ಹಬ್ಬ. ಆದರೆ ಅಲ್ಲಿ ಸಂಸ್ಥೆಯನ್ನೇ ಬೇರೆ, ಡಿಗ್ರಿಯನ್ನೇ ಬೇರೆ ಹುಡುಕಬೇಕು. ಡಿಗ್ರಿಯ ಪಟ್ಟಿಯಲ್ಲಿ ಇವನದ್ದು ಸಿಗಲಿಲ್ಲ.

ಕರ್ನಾಟಕದವರಿಗೆ ಇದು ಹೊಸ ಪಾಠವೂ ಅಲ್ಲ. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯ ತನ್ನ ವ್ಯಾಪ್ತಿ ಮೀರಿ ಖಾಸಗಿ ಸಂಸ್ಥೆಗಳ ಜೊತೆ ಸೇರಿ ಕೋರ್ಸ್ ನಡೆಸಿದ್ದಕ್ಕೆ, 2012-13ರ ನಂತರದ ಮಾನ್ಯತೆ ಇಲ್ಲ ಅಂತ ಯುಜಿಸಿ ಹೇಳಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ಸರ್ಕಾರದ ಯೂನಿವರ್ಸಿಟಿಯ ಮಕ್ಕಳೇ ಅಷ್ಟು ವರ್ಷ ಒದ್ದಾಡಿದರು. ಹಾರ್ಡ್‌ವೇರ್ ಅಂಗಡಿ ಮೇಲಿನ ಕಂಪನಿ ಯಾವ ಲೆಕ್ಕ?

ಸೇರಬೇಕು ಅಂತಿರುವವರು ಸೆಂಟರಿನಲ್ಲಿ ಒಂದೇ ಪ್ರಶ್ನೆ ಕೇಳಿ: ಸರ್ಟಿಫಿಕೇಟಿನ ಮೇಲೆ ಯಾವ ಭಾರತೀಯ ಯೂನಿವರ್ಸಿಟಿಯ ಹೆಸರು ಇರುತ್ತದೆ? ಹೆಸರು ಹೇಳಿದರೆ, ಆ ಯೂನಿವರ್ಸಿಟಿಯ ರಿಜಿಸ್ಟ್ರಾರ್‌ಗೆ ನೀವೇ ಮೇಲ್ ಹಾಕಿ ಒಪ್ಪಂದದ ಪ್ರತಿ ಕೇಳಿ. ಹಳೆಯ ವಿದ್ಯಾರ್ಥಿಯ ಟ್ರಾನ್‌ಸ್ಕ್ರಿಪ್ಟ್ ಒಂದನ್ನು ತೋರಿಸಿ ಅನ್ನಿ, ಎರಡನೇ ಹಾಳೆಯನ್ನೂ ಸೇರಿಸಿ. ಎಂಬಿಎ, ಇಂಜಿನಿಯರಿಂಗ್, ಕಾನೂನು, ನರ್ಸಿಂಗ್ ಥರದ್ದಾದರೆ ಆಯಾ ಕೌನ್ಸಿಲ್ ಏನು ಹೇಳುತ್ತದೆ ಅನ್ನುವುದನ್ನೂ ನೋಡಿ. ‘ಟೈ-ಅಪ್ ಇದೆ’, ‘ಇಂಟರ್‌ನ್ಯಾಷನಲ್ ಅಕ್ರೆಡಿಟೇಷನ್ ಇದೆ’ ಅನ್ನುವ ಮಾತಿಗೆ ಮೂರು ಕಾಸಿನ ಬೆಲೆ ಕೊಡಬೇಡಿ.

ಈಗಾಗಲೇ ಕಟ್ಟಿ ಕೂತವರು ರಸೀದಿ, ವಾಟ್ಸಾಪ್ ಮೆಸೇಜು, ಪ್ರಾಸ್ಪೆಕ್ಟಸ್ ಯಾವುದನ್ನೂ ಎಸೆಯಬೇಡಿ. ‘ಯುಜಿಸಿ ಅಪ್ರೂವ್ಡ್’ ಅಂತ ಅವರು ಬರೆದದ್ದರ ಸ್ಕ್ರೀನ್‌ಶಾಟ್ ತೆಗೆದಿಡಿ. ಶಿಕ್ಷಣ ಅನ್ನುವುದು ಗ್ರಾಹಕ ಕಾಯ್ದೆಯೊಳಗೆ ಬರುತ್ತದೋ ಇಲ್ಲವೋ ಅನ್ನುವುದು ಕೋರ್ಟುಗಳಲ್ಲಿ ತೀರದ ವಾದ. ಆದರೂ ಸುಳ್ಳು ಜಾಹೀರಾತಿನ ಮೇಲೆ ದೂರು ಕೊಡಬಹುದು ಅಂತ ನಮ್ಮ ವಕೀಲರು ಹೇಳಿದ್ದಾರೆ. ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕು, ಅದು ನೆನಪಿರಲಿ. ಒಂದೇ ತೊಂದರೆಯ ಹಲವರು ಸೇರಿ ಹಾಕಲಿಕ್ಕೂ ಅವಕಾಶ ಇದೆ. ಹಾಸನ, ಬೇಲೂರು, ಆಲೂರು, ಸಕಲೇಶಪುರದ ಕಡೆ 2022ರಿಂದ ಈಚೆಗೆ ಇಂಥ ಕೋರ್ಸಿಗೆ ಸೇರಿದವರು ಯಾರಾದರೂ ಇದ್ದರೆ ನನಗೆ ಮೆಸೇಜ್ ಮಾಡಿ. ಬರುವಾಗ ಟ್ರಾನ್‌ಸ್ಕ್ರಿಪ್ಟಿನ ಎರಡೂ ಹಾಳೆ ತನ್ನಿ.