ಒಂದು ಕೇಬಲ್, ಆರು ಸಾಧನ: ಹಳೆ ರೂಟರ್, ಪವರ್‌ಲೈನ್, ಸ್ವಿಚ್ ಎಲ್ಲ ಮಾಡಿ ನೋಡಿದ ಮೇಲೆ

ಸುರತ್ಕಲ್‌ನ ನಮ್ಮ ಮನೆ ಕೆಂಪು ಕಲ್ಲಿನದು. ಗೋಡೆ ಒಂದಡಿಯಷ್ಟು ದಪ್ಪ. ಚಾವಡಿಯಲ್ಲಿ ಫೈಬರ್ ಬಾಕ್ಸ್ ಇದೆ, ಎರಡು ಗೋಡೆ ದಾಟಿದರೆ ವೈಫೈ ಒಂದು ಕಡ್ಡಿಗೆ ಇಳಿಯುತ್ತದೆ. ಹಿಂದಿನ ಕೋಣೆಯಲ್ಲಿ ನನ್ನ ಆಫೀಸ್ ಲ್ಯಾಪ್‌ಟಾಪ್, ಮಗಳ ಕಂಪ್ಯೂಟರ್, ಪ್ರಿಂಟರ್, ಸಿಸಿಟಿವಿ ರೆಕಾರ್ಡರ್. ಅದಕ್ಕೆ ತಾಗಿ ಟಿವಿ. ಜೊತೆಗೆ ಗೇಟಿನ ಕ್ಯಾಮೆರಾದ ಕೇಬಲ್ ಕೂಡ ಅಲ್ಲಿಗೇ ಬರುತ್ತದೆ. ಒಟ್ಟು ಆರು. ಎಲ್ಲವೂ ವೈರಿನಲ್ಲೇ ಇರಲಿ ಎಂದು ನನ್ನ ಆಸೆ. ಚಾವಡಿಯಿಂದ ಹೋಗುವುದು ಒಂದೇ ಕೇಬಲ್, ಅದು ಅಲ್ಲಿ ಆರಾಗಬೇಕು.

ಮೊದಲು ಅಟ್ಟದಲ್ಲಿದ್ದ ಹಳೆ ರೂಟರ್ ಇಳಿಸಿದೆ. ಖರ್ಚಿಲ್ಲ ಅಲ್ವಾ? ಚಾವಡಿಯ ಕೇಬಲನ್ನು ಅದರ ವ್ಯಾನ್ ಪೋರ್ಟಿಗೆ, ಅಂದರೆ ಹೊರಗಿನ ಇಂಟರ್ನೆಟ್ ಒಳಬರುವ ಬಾಯಿಗೆ, ಹಾಕಿದೆ. ಇಂಟರ್ನೆಟ್ ಬಂತು. ಆದರೆ ಚಾವಡಿಯ ವೈಫೈಯಲ್ಲಿದ್ದ ಫೋನಿಗೆ ಪ್ರಿಂಟರ್ ಕಾಣಿಸಲೇ ಇಲ್ಲ. ಹೀಗೆ ಹಾಕಿದರೆ ಹಳೆ ರೂಟರ್ ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ, ಆಚೆಯವರಿಗೆ ಈಚೆಯದು ಸಿಗುವುದಿಲ್ಲ. ಪರಿಹಾರ ಸುಲಭ. ರೂಟರಿನ ಡಿಎಚ್‌ಸಿಪಿ, ಅಂದರೆ ಸಾಧನಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಕೆಲಸ, ಬಂದ್ ಮಾಡಿ. ರೂಟರಿನ ಸ್ವಂತ ವಿಳಾಸ ಫೈಬರ್ ಬಾಕ್ಸಿನದ್ದೇ ಆಗಿದ್ದರೆ ಬದಲಿಸಿ; ನಾನು 192.168.1.2 ಕೊಟ್ಟೆ. ಕೇಬಲನ್ನು ವ್ಯಾನ್ ಬಿಟ್ಟು, ಮನೆಯ ಸಾಧನಗಳಿಗೆಂದು ಇರುವ ಲ್ಯಾನ್ ಪೋರ್ಟಿಗೆ ಹಾಕಿ. ಆಗ ಅದು ವೈಫೈ ಇರುವ ಒಂದು ನೆಟ್‌ವರ್ಕ್ ಸ್ವಿಚ್ಚಿನಂತೆ, ಅಂದರೆ ಒಂದು ಕೇಬಲನ್ನು ಹಲವು ಸಾಧನಗಳಿಗೆ ಹಂಚುವ ಪೆಟ್ಟಿಗೆಯಂತೆ, ಕೆಲಸ ಮಾಡುತ್ತದೆ.

ಎರಡು ತಿಂಗಳು ಚೆನ್ನಾಗಿತ್ತು. ಒಂದು ದಿನ ಧೂಳು ಒರೆಸುವಾಗ ಯಾರದೋ ಕೈ ರಿಸೆಟ್ ಗುಂಡಿಗೆ ತಾಗಿತು. ಡಿಎಚ್‌ಸಿಪಿ ಮತ್ತೆ ಶುರುವಾಗಿ ಇಡೀ ಮನೆಯ ಇಂಟರ್ನೆಟ್ ನಿಂತಿತು. ಕಾರಣ ಹುಡುಕಲು ಅರ್ಧ ದಿನ ಬೇಕಾಯಿತು. ಅದೂ ಅಲ್ಲದೆ ನಾಲ್ಕು ಲ್ಯಾನ್ ಪೋರ್ಟಿನಲ್ಲಿ ಒಂದು ಒಳಗೆ ಬರುವ ಕೇಬಲಿಗೇ ಹೋಗುತ್ತದೆ. ಉಳಿಯುವುದು ಮೂರು. ನಮಗೆ ಸಾಲದು.

ಪವರ್‌ಲೈನ್ ಅಡಾಪ್ಟರ್ ಗೆಳೆಯರೊಬ್ಬರು ಪರೀಕ್ಷೆಗೆ ಕೊಟ್ಟರು. ಮನೆಯ ಕರೆಂಟ್ ವೈರಿನಲ್ಲೇ ಇಂಟರ್ನೆಟ್ ಕಳಿಸುವ ಜೋಡಿ ಪೆಟ್ಟಿಗೆ. ಗೋಡೆ ಕೊರೆಯುವುದು ಬೇಡ ಎಂಬುದು ನಿಜಕ್ಕೂ ದೊಡ್ಡ ಅನುಕೂಲ. ಡಬ್ಬದ ಮೇಲೆ ವೇಗ 600 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಎಂದಿತ್ತು, ಆದರೆ ಅದರ ಲ್ಯಾನ್ ಪೋರ್ಟೇ 100 ಎಂಬಿಪಿಎಸ್‌ನದು. ಚಾವಡಿಯಲ್ಲೇ ಎರಡನ್ನೂ ಹಾಕಿದಾಗ ವೇಗ ಪರವಾಗಿರಲಿಲ್ಲ. ಹಿಂದಿನ ಕೋಣೆಯ ಪ್ಲಗ್ ಇನ್ವರ್ಟರ್ ಲೈನಿನಲ್ಲಿದೆ, ಅಲ್ಲಿ ಸಿಕ್ಕಿದ್ದು ಹನ್ನೆರಡು, ಹದಿನೈದು. ಬಾವಿಯ ಪಂಪ್ ಹಾಕಿದರೆ ಮೀಟಿಂಗ್ ಕಡಿದು ಹೋಗುತ್ತಿತ್ತು. ಮೂರು ಫೇಸ್ ಇರುವ ಮನೆಯಲ್ಲೂ, ಎರಡು ಪ್ಲಗ್ ಬೇರೆ ಬೇರೆ ಫೇಸಿನಲ್ಲಿದ್ದರೆ ಇದೇ ಕಷ್ಟ. ಬಾಡಿಗೆ ಮನೆಯಲ್ಲಿ, ಒಂದೇ ಸಾಧನಕ್ಕೆ, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ತಗೊಳ್ಳಿ.

ಅಂಗಡಿಯಲ್ಲಿ ಸಿಗುವ ಒಂದಕ್ಕೆ ಎರಡು ಬಾಯಿಯ ಸ್ಪ್ಲಿಟರ್ ಬೇಡವೇ ಬೇಡ. ಅದು ವೈರನ್ನು ಎರಡಾಗಿ ಸೀಳುತ್ತದೆ ಅಷ್ಟೆ, ಎರಡು ಸಾಧನ ಒಟ್ಟಿಗೆ ನಡೆಯಬೇಕಾದರೆ ಆಚೆ ತುದಿಯಲ್ಲೂ ಇನ್ನೊಂದು ಸ್ಪ್ಲಿಟರ್ ಮತ್ತು ಎರಡು ಪೋರ್ಟ್ ಬೇಕು.

ಕೊನೆಗೆ ನೆಟ್‌ವರ್ಕ್ ಸ್ವಿಚ್. ಇದರಲ್ಲಿ ಸೆಟ್ಟಿಂಗ್ ಏನೂ ಇಲ್ಲ. ಕೇಬಲ್ ಚುಚ್ಚಿದರೆ ಆಯಿತು, ರಿಸೆಟ್ ಗುಂಡಿಯ ಹೆದರಿಕೆಯೂ ಇಲ್ಲ. ಯಾವ ಪೋರ್ಟಿನಲ್ಲಿ ಯಾವ ಸಾಧನ ಇದೆ ಎಂದು ತಾನೇ ತಿಳಿದುಕೊಂಡು ಆಯಾ ಪೋರ್ಟಿಗೇ ಕಳಿಸುತ್ತದೆ. ನಾನು ಮೊದಲು ತಂದದ್ದು 100 ಎಂಬಿಪಿಎಸ್‌ನದು. ನಮ್ಮ ಪ್ಲಾನ್ 200ರದು. ಸ್ಪೀಡ್ ಟೆಸ್ಟ್ ಎಷ್ಟು ಸಲ ಮಾಡಿದರೂ 94ಕ್ಕೆ ನಿಲ್ಲುತ್ತಿತ್ತು. ತಂಗಿಯ ಮದುವೆಯ ವಿಡಿಯೋ, ಸುಮಾರು 20 ಜಿಬಿ, ಲ್ಯಾಪ್‌ಟಾಪಿನಿಂದ ಮಗಳ ಕಂಪ್ಯೂಟರಿಗೆ ಹಾಕಲು ಅರ್ಧ ಗಂಟೆ ಹಿಡಿಯಿತು. ಗಿಗಾಬಿಟ್ (1000 ಎಂಬಿಪಿಎಸ್) ಸ್ವಿಚ್ ಬಂದ ಮೇಲೆ ಪೂರ್ತಿ 200 ಬಂತು, ಅದೇ ವಿಡಿಯೋಗೆ ನಾಲ್ಕು ನಿಮಿಷ ಸಾಕಾಯಿತು. ಬೆಲೆಯಲ್ಲಿ ಕೆಲವು ನೂರು ರೂಪಾಯಿಯ ವ್ಯತ್ಯಾಸ ಅಷ್ಟೆ. ಅಲ್ಲಿ ಉಳಿಸಲು ಹೋಗಬೇಡಿ. ಹೆಸರನ್ನು ಪೂರ್ತಿ ಓದಿ: ಟಿಪಿ-ಲಿಂಕ್‌ನಲ್ಲಿ ಎಲ್‌ಎಸ್1008 ಅಂದರೆ 100ರದು, ಎಲ್‌ಎಸ್1008ಜಿ ಅಂದರೆ ಗಿಗಾಬಿಟ್.

ಪೋರ್ಟ್ ಲೆಕ್ಕ ಹಾಕುವಾಗ ಒಳಗೆ ಬರುವ ಕೇಬಲಿಗೆ ಒಂದು ಕಳೆಯಿರಿ. ಐದರದ್ದು ತಂದರೆ ಕೈಗೆ ಸಿಗುವುದು ನಾಲ್ಕು. ನಾನು ಎಂಟರದ್ದು ತಂದೆ. ನಾಲ್ಕೈದು ಕ್ಯಾಮೆರಾ ಇದ್ದವರು ಮಾತ್ರ ಪಿಒಇ ಸ್ವಿಚ್ ನೋಡಬಹುದು. ಪಿಒಇ ಕ್ಯಾಮೆರಾಗಳಿಗೆ ಅದು ಅದೇ ಕೇಬಲಿನಲ್ಲಿ ಕರೆಂಟನ್ನೂ ಕೊಡುತ್ತದೆ.

ಒಂದು ವಿಷಯ ಸ್ವಲ್ಪ ವಿವರವಾಗಿ ಹೇಳಲೇಬೇಕು. ಹೊಸ ಸ್ವಿಚ್ ಹಾಕಿದ ಮೊದಲ ದಿನ ಲ್ಯಾಪ್‌ಟಾಪಿಗೆ ಮತ್ತೆ 94ರಷ್ಟೇ ಬಂತು. ಸ್ವಿಚ್ಚೇ ಹಾಳು ಎಂದುಕೊಂಡೆ. ತಪ್ಪು ಕೇಬಲಿನದಾಗಿತ್ತು. 100ಕ್ಕೆ ಕೇಬಲಿನೊಳಗಿನ ನಾಲ್ಕು ಎಳೆ ಸಾಕು, ಗಿಗಾಬಿಟ್‌ಗೆ ಎಂಟೂ ಎಳೆ ಸರಿಯಿರಬೇಕು. ಚಾವಡಿಯಿಂದ ಬರುವ ಕೇಬಲಿನ ಒಂದು ತುದಿಯ ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು. ಕಡಲಿನ ಉಪ್ಪುಗಾಳಿ ನಮ್ಮಲ್ಲಿ ಯಾವ ಲೋಹವನ್ನೂ ಬಿಡುವುದಿಲ್ಲ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಿಸಿದೆ, ಸರಿಹೋಯಿತು. ಹೊಸ ಕೇಬಲ್ ಕೊಳ್ಳುವಾಗ ಅಪ್ಪಟ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಅಗ್ಗಕ್ಕೆ ಸಿಗುತ್ತದೆ, ಬೇಗ ಮುರಿಯುತ್ತದೆ. ಕ್ಯಾಟ್5ಇ ದರ್ಜೆಯ ಕೇಬಲ್ ಆದರೂ 100 ಮೀಟರ್ ತನಕ ಗಿಗಾಬಿಟ್ ಹೋಗುತ್ತದೆ, ಮನೆಗೆ ಧಾರಾಳ.

ಈಗ ಸ್ವಿಚ್ ಹಿಂದಿನ ಕೋಣೆಯಲ್ಲಿ ಇನ್ವರ್ಟರ್ ಪ್ಲಗ್ಗಿನಲ್ಲಿದೆ. ಕೆಲವೇ ವ್ಯಾಟ್ ತಿನ್ನುತ್ತದೆ, ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಹಳೆ ರೂಟರ್ ಎಸೆದಿಲ್ಲ. ಸ್ವಿಚ್ಚಿನಲ್ಲಿ ಉಳಿದ ಒಂದು ಪೋರ್ಟಿನಿಂದ ಮಹಡಿಗೆ ಕೇಬಲ್ ಎಳೆದು ಅಲ್ಲಿ ವೈಫೈಗೆ ಇಟ್ಟಿದ್ದೇನೆ, ರಿಸೆಟ್ ಗುಂಡಿಯ ಮೇಲೆ ಟೇಪ್ ಅಂಟಿಸಿ.

ಉಳಿದದ್ದು ಸಿಡಿಲು. ಮಳೆಗಾಲಕ್ಕೆ ಮುಂಚೆ ಏಪ್ರಿಲ್, ಮೇ, ಆಮೇಲೆ ಅಕ್ಟೋಬರ್ ಸಂಜೆಗಳು ನಮ್ಮ ಕಡೆ ಹೇಗಿರುತ್ತವೆ ಎಂದು ನಿಮಗೆ ಗೊತ್ತು. ಹೊರಗಿನಿಂದ ಬರುವ ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಹೊರಗಿನಿಂದಲೇ ಬರುವ ಗೇಟಿನ ಕ್ಯಾಮೆರಾದ ಕೇಬಲ್ ತಾಮ್ರದ್ದು, ಸಿಡಿಲಿನ ಹೊಡೆತ ಅದರಲ್ಲಿ ಒಳಗೆ ಬರುತ್ತದೆ. ಆ ನನ್ನ ಮೊದಲ ಸ್ವಿಚ್ಚಿನ ಎರಡು ಪೋರ್ಟ್, ಟಿವಿಯ ಲ್ಯಾನ್ ಪೋರ್ಟ್ ಒಂದೇ ಸಂಜೆ ಸುಟ್ಟದ್ದು ಆ ದಾರಿಯಲ್ಲೇ. ಸ್ವಿಚ್ಚಿನ ಕರೆಂಟ್ ಅಡಾಪ್ಟರ್ ಕಿತ್ತಿಟ್ಟಿದ್ದರೂ ಉಳಿಯಲಿಲ್ಲ. ಟಿವಿಗೆ ಹೊಸ ಬೋರ್ಡ್ ಹಾಕಿಸಬೇಕಾಯಿತು. ಈಗ ಸ್ವಿಚ್ಚಿಗೆ ಚುಚ್ಚಿರುವ ಕೇಬಲ್‌ಗಳಲ್ಲಿ ಕ್ಯಾಮೆರಾದ್ದು ಒಂದು ಮಾತ್ರ ಹಳದಿ, ಉಳಿದವೆಲ್ಲ ಬೂದು. ದೂರದಲ್ಲಿ ಮೊದಲ ಗುಡುಗು ಕೇಳಿದ ಕೂಡಲೇ ಅಮ್ಮ ಎದ್ದು ಹೋಗಿ ಹಳದಿಯದನ್ನು ಕಿತ್ತಿಡುತ್ತಾರೆ.