ಸಾಮಾನು ಸಮೇತ ಗುತ್ತಿಗೆಯೋ, ಬರೀ ಕೂಲಿ ಗುತ್ತಿಗೆಯೋ: ಪುಣೆಯಲ್ಲಿದ್ದು ಮಾಡಿಸಿದ ಚಿಕ್ಕಮಗಳೂರಿನ ಮನೆ ದುರಸ್ತಿ

ಚಿಕ್ಕಮಗಳೂರಿನ ಕೋಟೆ ಬಡಾವಣೆಯಲ್ಲಿರುವ ನಮ್ಮ ಹಳೆಯ ಮಹಡಿ ಮನೆಯನ್ನು ಮೊದಲ ಬಾರಿಗೆ ಬಾಡಿಗೆಗೆ ಕೊಡಲು ದುರಸ್ತಿ ಮಾಡಿಸಬೇಕಾಗಿ ಬಂದಾಗ ನಾನು ಪುಣೆಯಲ್ಲಿ ನೌಕರಿಯಲ್ಲಿದ್ದೆ. ಸಿಕ್ಕಿದ ರಜೆ ಆರೇ ದಿನ. ಕೇಳಿದವರೆಲ್ಲ ಒಂದೊಂದು ಹೇಳಿದ್ದರಿಂದ, ಮೇಲಿನ ಮನೆಯನ್ನು ಸಾಮಾನು ಸಮೇತ ಒಬ್ಬ ಗುತ್ತಿಗೆದಾರರಿಗೂ, ಕೆಳಗಿನದನ್ನು ಕೂಲಿ ಮಾತ್ರ ಮಾತನಾಡಿ ಒಬ್ಬ ಮೇಸ್ತ್ರಿಗೂ ಒಪ್ಪಿಸಿದೆ. ನವೆಂಬರಿನಿಂದ ಜನವರಿಯವರೆಗೆ ಅರೇಬಿಕಾ ಕೊಯ್ಲಿಗೆ ಆಳುಗಳು ತೋಟ ಸೇರುತ್ತಾರೆ. ಜೂನ್ ಬಂತೆಂದರೆ ಗೋಡೆ ಒಣಗದೆ, ಹಚ್ಚಿದ ಪುಟ್ಟಿ ಹಪ್ಪಳದಂತೆ ಏಳುತ್ತದೆ. ಆದ್ದರಿಂದ ಎರಡನ್ನೂ ಫೆಬ್ರವರಿಯ ಕೊನೆಯಲ್ಲಿ ಆರಂಭಿಸಿದೆವು.

ಮೇಲಿನ ಕೆಲಸ 24 ದಿನಕ್ಕೆ ಮುಗಿಯಿತು, ನನಗೆ ಬಂದ ಕರೆಗಳು ನಾಲ್ಕೋ ಐದೋ. ಬಣ್ಣದ ಕೆಲಸವಂತೂ ಅಚ್ಚುಕಟ್ಟು. ಆದರೆ ಕೊಟೇಶನ್ನಿನಲ್ಲಿ ‘ಒಳ್ಳೆಯ ಗುಣಮಟ್ಟದ ವೈರು, ಪೈಪು’ ಎಂದಿತ್ತೇ ಹೊರತು ವೈರು ಎಷ್ಟು ದಪ್ಪದ್ದು, ಪೈಪು ಯಾವ ಕಂಪನಿಯದು ಎಂಬುದಿರಲಿಲ್ಲ, ನಾನೂ ಕೇಳಲಿಲ್ಲ. ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಹಚ್ಚಿದ ಮೇಲೆ ನೀರು ನಿಲ್ಲಿಸಿ ನೋಡದೆ ಟೈಲ್ಸ್ ಹಾಕಿದ್ದು ನನಗೆ ಗೊತ್ತಾದದ್ದು, ಕೆಳಗಿನ ಮನೆಯ ಹೊಸ ಸೀಲಿಂಗಿನಲ್ಲಿ ತಟ್ಟೆಯಗಲದ ಹಳದಿ ಕಲೆ ಮೂಡಿದಾಗ. ಅಷ್ಟರಲ್ಲಿ ಪೂರ್ತಿ ಹಣ ಸಂದಾಯವಾಗಿತ್ತು. ಎರಡು ಸಾಲು ಟೈಲ್ಸ್ ಒಡೆಸಿದ ಖರ್ಚು ನನ್ನದೇ.

ಕೆಳಗಿನ ಮನೆಗೆ 41 ದಿನ ಹಿಡಿಯಿತು. ಬೆಳಗ್ಗೆ ಏಳೂವರೆಗೆ ‘ಸಾರ್, ಸಿಮೆಂಟ್ ಖಾಲಿ’ ಎಂಬ ಕರೆ ಬರುತ್ತಿತ್ತು. ನಾನು ಹಾರ್ಡ್‌ವೇರ್ ಅಂಗಡಿಗೆ ಫೋನ್ ಮಾಡಿ ಹಣ ಕಳಿಸಿ, ಆಟೋ ಮನೆ ಮುಟ್ಟುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತಿತ್ತು. ಊರಿನಲ್ಲಿ ಸೋದರಮಾವ ಇರದಿದ್ದರೆ ಈ ದಾರಿಯನ್ನು ನಾನು ಹಿಡಿಯುತ್ತಲೇ ಇರಲಿಲ್ಲ. ಬಚ್ಚಲಿಗೆ ನೀರು ತುಂಬಿಸಿದ ಸಂಜೆ ಅವರು ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದು ಚಿತ್ರ ಕಳಿಸಿದರು. 48 ಗಂಟೆಯ ನಂತರ ಅದೇ ಗೆರೆಯ ಮತ್ತೊಂದು ಚಿತ್ರ ನೋಡಿದ ಮೇಲಷ್ಟೇ ನಾನು ಟೈಲ್ಸಿಗೆ ಒಪ್ಪಿಗೆಯನ್ನೂ ಮುಂದಿನ ಕಂತನ್ನೂ ಕೊಟ್ಟೆ. ಗೋಡೆ ಕೊರೆದು ಪೈಪು, ವೈರು ಕೂರಿಸಿದಾಗಲೂ, ಗಾರೆ ಮುಚ್ಚುವ ಮೊದಲು ಟೇಪು ಹಿಡಿದು ಚಿತ್ರ ತೆಗೆಸಿದೆವು.

ಖರ್ಚಿನಲ್ಲಿ ಕೆಳಗಿನದು ಸ್ವಲ್ಪವೇ ಕಡಿಮೆಯಾಯಿತು. ಬಿಲ್ಲುಗಳನ್ನೆಲ್ಲ ಆದಾಯ ತೆರಿಗೆಗೆಂದು ಜೋಪಾನ ಮಾಡಿದ್ದು ಮಾತ್ರ ವ್ಯರ್ಥ ಶ್ರಮ: ಬಾಡಿಗೆ ಆದಾಯದಲ್ಲಿ ನಗರಸಭೆಯ ಕಂದಾಯ ಕಳೆದುಳಿದದ್ದಕ್ಕೆ ಶೇ. 30ರ ವಿನಾಯಿತಿ ಹೇಗೂ ಇದೆ, ದುರಸ್ತಿಯ ಖರ್ಚನ್ನು ಬೇರೆಯಾಗಿ ತೋರಿಸಲು ಬರುವುದಿಲ್ಲ.

ಮತ್ತೊಮ್ಮೆ ಮಾಡಿಸುವುದಾದರೆ ನಾನು ಮಹಡಿ ಲೆಕ್ಕದಲ್ಲಿ ಹಂಚುವುದಿಲ್ಲ. ಗೋಡೆಯೊಳಗೆ, ನೆಲದಡಿಗೆ ಹೋಗುವ ಪೈಪು, ವೈರು, ವಾಟರ್‌ಪ್ರೂಫಿಂಗ್‌ಗಳನ್ನು ನನ್ನದೇ ಸಾಮಾನು ಕೊಟ್ಟು ಕೂಲಿಯ ಮೇಲೆ ಮಾಡಿಸಿ, ಕಣ್ಣಿಗೆ ಕಾಣುವ ಬಣ್ಣ, ಬಾಗಿಲು, ಅಡುಗೆಮನೆಯ ಕಪಾಟುಗಳನ್ನು ಸಾಮಾನು ಸಮೇತ ಗುತ್ತಿಗೆಗೆ ಬಿಡುತ್ತೇನೆ. ಅವು ಕೆಟ್ಟರೆ ಒಂದು ವಿಡಿಯೋ ಕರೆಯಲ್ಲೇ ತಿಳಿಯುತ್ತದೆ.

ಕಳೆದ ತಿಂಗಳು ಕೆಳಗಿನ ಬಾಡಿಗೆದಾರರು ನೀರಿನ ಫಿಲ್ಟರ್ ಕೂರಿಸಲು ಎಲ್ಲಿ ಡ್ರಿಲ್ ಮಾಡಬಹುದೆಂದು ಕೇಳಿದಾಗ ಟೇಪಿನ ಚಿತ್ರವನ್ನೇ ಕಳಿಸಿದೆ. ಅದೇ ವಾರ ಮೇಲಿನ ಮನೆಯವರೂ ಅದನ್ನೇ ಕೇಳಿದರು. ಅವರಿಗೆ, ಸದ್ಯಕ್ಕೆ ಫಿಲ್ಟರನ್ನು ಕಟ್ಟೆಯ ಮೇಲೆಯೇ ಇಟ್ಟುಕೊಳ್ಳಿ ಎಂದೆ.