ಬೆಂಡ್ ಪೈಪಿಗೆ ಸೆರಾಮಿಕ್ ಲೇಪ: ನಾಲ್ಕು ಮಳೆಗಾಲ ಕಳೆದ ಮೇಲೆ

ನನ್ನ ಯೆಜ್ಡಿ ರೋಡ್‌ಕಿಂಗ್ 1986ರ ಬೈಕು. ಮನೆ ಇರುವುದು ಮಲ್ಪೆಯ ಕಡಲಿನಿಂದ ಎರಡು ಕಿಲೋಮೀಟರು ಒಳಗೆ. ಇಷ್ಟು ಹೇಳಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಸಂಜೆಗಳು ಹೇಗೆ ಕಳೆಯುತ್ತಿದ್ದವು ಎಂಬುದು ಹಳೆಯ ಗಾಡಿ ಇಟ್ಟುಕೊಂಡವರಿಗೆ ಅರ್ಥವಾಗುತ್ತದೆ. ಕಚೇರಿಯಿಂದ ಬಂದು ಚಹಾ ಕುಡಿಯುವಷ್ಟರಲ್ಲಿ ಪೈಪು ಆರಿರುತ್ತಿತ್ತು. ಹರಿದ ಬೈರಾಸಿನ ತುಂಡನ್ನು ತೆಂಗಿನೆಣ್ಣೆಗೆ ಅದ್ದಿ, ತುಕ್ಕು ಹಿಡಿಯದಿರಲೆಂದು, ಎಂಜಿನ್ನಿನಿಂದ ಸೈಲೆನ್ಸರಿಗೆ ಬಾಗಿ ಹೋಗುವ ಎರಡು ಬೆಂಡ್ ಪೈಪು, ಎರಡು ಸೈಲೆನ್ಸರ್ ಒರೆಸುತ್ತಿದ್ದೆ. ಮರುದಿನ ಬೆಳಿಗ್ಗೆ ಕಿಕ್ ಹೊಡೆದ ಎರಡು ನಿಮಿಷಕ್ಕೆ ಅಂಗಳದ ತುಂಬ ಹಪ್ಪಳ ಕರಿದ ವಾಸನೆ. ಸೈಲೆನ್ಸರ್ ಅಷ್ಟೊಂದು ಕಾಯುವುದಿಲ್ಲ, ಅದರ ಮೇಲೆ ಎಣ್ಣೆ ನಿಲ್ಲುತ್ತದೆ. ಬೆಂಡ್ ಪೈಪಿನ ಮೇಲೆ ಮಾತ್ರ ಹಚ್ಚಿದ್ದೆಲ್ಲ ಹೊಗೆಯಾಗಿ ಹೋಗಿ, ಸಂಜೆ ಮನೆಗೆ ಬರುವಾಗ ಬಾಗಿದ ಕಡೆ ಕಿತ್ತಳೆ ಬಣ್ಣದ ಚುಕ್ಕೆಗಳು ಮೂಡಿರುತ್ತಿದ್ದವು.

ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಈಗ ಸಿಗುವ ನಕಲಿ ಪೈಪುಗಳ ಕ್ರೋಮ್ ಇಲ್ಲಿ ಎರಡು ಮಳೆಗಾಲ ಬಾಳಿದರೆ ಹೆಚ್ಚು. ಎರಡು ಜೊತೆ ಹಾಳುಮಾಡಿಕೊಂಡ ಮೇಲೆ, 2019ರ ಜೂನ್‌ನಲ್ಲಿ ಶಾಖ ತಡೆಯುವ ಕಪ್ಪು ಸ್ಪ್ರೇ ಡಬ್ಬಿಯೊಂದನ್ನು ತಂದೆ. ಹೆಸರು ಬೇಡ, ತಪ್ಪಿನಲ್ಲಿ ಅರ್ಧ ನನ್ನದೂ ಇದೆ. ಪೈಪನ್ನು ಗಾಡಿಯಲ್ಲೇ ಬಿಟ್ಟು, ಎಮರಿ ಕಾಗದದಲ್ಲಿ ತಿಕ್ಕಿ, ದಪ್ಪ ಇದ್ದಷ್ಟೂ ಗಟ್ಟಿ ಎಂದುಕೊಂಡು ಮೂರು ಸಲ ಬಳಿದೆ. ಉಡುಪಿಗೆ ಹೋಗಿ ಬರುವಷ್ಟರಲ್ಲಿ ಬಣ್ಣ ದೋಸೆಯಂತೆ ಗುಳ್ಳೆ ಎದ್ದಿತ್ತು. ವಾರದೊಳಗೆ ಉಗುರಿನಲ್ಲಿ ಕೀಳಿದರೆ ಹಾಳೆ ಹಾಳೆಯಾಗಿ ಬರತೊಡಗಿತು.

ಕಾರಣ ತಿಳಿಯಲು ಒಂದು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಯೆಜ್ಡಿಯದು ಟೂ ಸ್ಟ್ರೋಕ್ ಎಂಜಿನ್ನು, ಅದು ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಸುಡುತ್ತದೆ. ಸುಡದೆ ಉಳಿದ ಎಣ್ಣೆ ಪೈಪಿನೊಳಗೆ ಕರಿಯಾಗಿ ಕಟ್ಟುತ್ತದೆ, ಕೀಲುಗಳಲ್ಲಿ, ಬೆಸುಗೆಯ ಸಂದಿನಲ್ಲಿ ಇಳಿದಿರುತ್ತದೆ. ಪೈಪು ಕಾದಾಗ ಅದು ಬೆವರಿನಂತೆ ಹೊರಗೆ ಬಂದು ಬಣ್ಣದ ಅಡಿ ಸೇರುತ್ತದೆ. ದಪ್ಪ ಲೇಪದೊಳಗೆ ಸಿಕ್ಕಿಬಿದ್ದ ಥಿನ್ನರಿಗೂ ಹೊರಬರಲು ದಾರಿ ಬೇಕು. ಸಾಲದ್ದಕ್ಕೆ, ನಲವತ್ತು ಸೆಂಟಿಮೀಟರಿನ ಉಕ್ಕಿನ ಪೈಪು 250 ಡಿಗ್ರಿ ಬಿಸಿ ಏರಿದರೆ ಒಂದು ಮಿಲಿಮೀಟರಿಗಿಂತ ಹೆಚ್ಚು ಉದ್ದವಾಗುತ್ತದೆ. ತೆಳುವಾದ ಲೇಪ ಅದರ ಜೊತೆ ಹಿಗ್ಗುತ್ತದೆ, ದಪ್ಪನೆಯದು ಒಡೆಯುತ್ತದೆ. ಇದ್ಯಾವುದೂ ಡಬ್ಬಿಯ ಮೇಲೆ ಇರಲಿಲ್ಲ. ಅಥವಾ ಇತ್ತು, ನಾನು ಓದಲಿಲ್ಲ.

2021ರ ಫೆಬ್ರವರಿಯಲ್ಲಿ ಮತ್ತೆ ಕೈಹಾಕಿದೆ. ಈ ಸಲ ತರಿಸಿದ್ದು ಒಲೆ, ಓವನ್ ಏನೂ ಬೇಡದ, ಗಾಳಿಗೇ ಗಟ್ಟಿಯಾಗುವ ಸೆರಾಮಿಕ್ ದ್ರವ. ಅದು ಎಷ್ಟು ಡಿಗ್ರಿ ತಡೆಯುತ್ತದೆ ಎಂಬ ಲೆಕ್ಕಕ್ಕೆ ನಾನಿಲ್ಲಿ ಹೋಗುವುದಿಲ್ಲ. ನಾನು ಹೇಳಬೇಕಾಗಿರುವುದು ಬಾಟಲಿಯ ಮುಚ್ಚಳ ತೆರೆಯುವ ಮೊದಲಿನ ಕೆಲಸದ ಬಗ್ಗೆ.

ಮೊದಲ ಪರೀಕ್ಷೆ ಫಿನ್ ನಟ್ಟಿನದ್ದು. ಪೈಪನ್ನು ಸಿಲಿಂಡರಿಗೆ ಹಿಡಿದಿಡುವ, ಸುತ್ತ ರೆಕ್ಕೆಗಳಿರುವ ಈ ದೊಡ್ಡ ನಟ್ಟು ಕರಿ ಕಟ್ಟಿ ಕಚ್ಚಿಕೊಂಡಿರುತ್ತದೆ. ನಮ್ಮ ಕಡೆಯ ಮೆಕ್ಯಾನಿಕ್ಕುಗಳು ಅದಕ್ಕೆ ಚಾಣ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಾರೆ. ನಟ್ಟು ಬಿಚ್ಚುತ್ತದೆ ನಿಜ, ಜೊತೆಗೆ ಒಂದೆರಡು ರೆಕ್ಕೆಯೂ ಮುರಿದಿರುತ್ತದೆ. ಕೊಕ್ಕೆಯಂಥ ತುದಿಯಿರುವ ಹುಕ್ ಸ್ಪ್ಯಾನರ್ ಒಂದನ್ನು ಕೊಂಡುಕೊಳ್ಳಿ. ಹಿಂದಿನ ರಾತ್ರಿ ನಟ್ಟಿನ ಸುತ್ತ ಡೀಸೆಲ್ ಬಿಟ್ಟು, ಬೆಳಿಗ್ಗೆ ಒರೆಸಿ, ಎಂಜಿನ್ನನ್ನು ಎರಡು ನಿಮಿಷ ಓಡಿಸಿ, ಬೆಚ್ಚಗಿರುವಾಗಲೇ ತಿರುಗಿಸಿ. ಬಲಗಡೆಯದು ಬಂತು. ಎಡಗಡೆಯದಕ್ಕೆ ಮೂರು ದಿನ ಡೀಸೆಲ್ ಕುಡಿಸಬೇಕಾಯಿತು. ಒಳಗಿನ ತಾಮ್ರದ ವಾಷರ್ ಚಪ್ಪಟೆಯಾಗಿರುತ್ತದೆ, ಹೊಸದು ತಂದಿಟ್ಟುಕೊಳ್ಳಿ.

ಆಮೇಲೆ ಬಚ್ಚಲ ಒಲೆ. ನಮ್ಮ ಮನೆಯಲ್ಲಿ ಇಂದಿಗೂ ಸ್ನಾನದ ನೀರು ಹಂಡೆಯಲ್ಲೇ ಕಾಯುವುದು. ಒಲೆ ಇರುವುದು ಹೊರಗಡೆ, ಮಾಡಿನ ಕೆಳಗೆ. ಗೆರಟೆಯ, ಅಂದರೆ ತೆಂಗಿನ ಚಿಪ್ಪಿನ, ಕೆಂಡ ಎಷ್ಟು ಹೊತ್ತು ಒಂದೇ ಹದದಲ್ಲಿ ಉರಿಯುತ್ತದೆ ಎಂಬುದು ಅಮ್ಮನಿಗೆ ಗೊತ್ತು, ನನಗೂ ಅವರಿಂದಲೇ ತಿಳಿದದ್ದು. ಭಾನುವಾರ ಬೆಳಿಗ್ಗೆ ಎಲ್ಲರ ಸ್ನಾನ ಮುಗಿದ ಮೇಲೆ ಎರಡು ಬುಟ್ಟಿ ಗೆರಟೆ ಸುರಿದು, ಪೈಪುಗಳನ್ನು ಕೆಂಡದಲ್ಲಿ ಹೂತೆ. ಮೊದಲ ಅರ್ಧ ಗಂಟೆ ಪೈಪಿನ ಬಾಯಿಯಿಂದ ಹಳದಿ ಹೊಗೆ, ನಂತರ ಚಿಕ್ಕ ಜ್ವಾಲೆ, ಆಮೇಲೆ ಏನೂ ಇಲ್ಲ. “ಇನ್ನು ಮೂರು ದಿನ ಆ ಹಂಡೆಯ ನೀರಿಗೆ ಪೆಟ್ರೋಲ್ ಬಂಕಿನ ವಾಸನೆ ಇದ್ದರೆ ನಿಮ್ಮ ಯೆಜ್ಡಿಯ ಮೇಲೇ ಕೂತು ಸ್ನಾನ ಮಾಡಿ” ಎಂದಳು ಹೆಂಡತಿ. ಪೈಪು ಆರಿದ ಮೇಲೆ ಒಳಗೆ ಹಳೆಯ ಚೈನೊಂದನ್ನು ಇಳಿಬಿಟ್ಟು, ಎರಡೂ ತುದಿ ಹಿಡಿದು ಮೊಸರು ಕಡೆದಂತೆ ಎಳೆದೆ. ಬೊಗಸೆ ತುಂಬ ಕರಿ ಬಿತ್ತು. ಮತ್ತೊಮ್ಮೆ ಕೆಂಡಕ್ಕಿಟ್ಟು ಎಣ್ಣೆ ಬೆವರುವುದಿಲ್ಲ ಎಂದು ಖಚಿತ ಮಾಡಿಕೊಂಡೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಈ ಬೆಳಗು. ಸುಟ್ಟ ಪೈಪು ಬೂದು, ನೀಲಿ, ಜೇನು ಬಣ್ಣಗಳಲ್ಲಿ ಎಷ್ಟು ಚೆನ್ನಾಗಿತ್ತೆಂದರೆ ಹಾಗೇ ಬಿಡೋಣ ಎನಿಸಿತು.

ಬಿಡಲಿಲ್ಲ. ದೋಣಿಯ ಬಿಡಿಭಾಗಗಳಿಗೆ ಬ್ಲಾಸ್ಟಿಂಗ್ (ಒರಟು ಹರಳನ್ನು ಗಾಳಿಯ ರಭಸದಲ್ಲಿ ಹೊಡೆದು ಉಜ್ಜುವುದು) ಮಾಡುವ ಅಂಗಡಿಯೊಂದರಲ್ಲಿ ಉಳಿದ ಕ್ರೋಮನ್ನು ತೆಗೆಸಿ, ಮೈ ಒರಟು ಮಾಡಿಸಿಕೊಂಡೆ. ಮನೆಯಲ್ಲಿ ಆಗದ ಒಂದೇ ಕೆಲಸ ಇದು, 600 ರೂಪಾಯಿ. ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡು ಕೂಡ ಲೇಪದಡಿ ಗುರುತು ಬಿಡುತ್ತದೆ. ನಮ್ಮ ಗಾಳಿಯಲ್ಲಿ ಬೆತ್ತಲೆ ಕಬ್ಬಿಣವನ್ನು ರಾತ್ರಿ ಇಟ್ಟರೆ ಬೆಳಿಗ್ಗೆಗೆ ತುಕ್ಕಿನ ಮಂಜು ಕವಿದಿರುತ್ತದೆ, ಹಾಗಾಗಿ ಅದೇ ಮಧ್ಯಾಹ್ನ ಅಸಿಟೋನಿನಲ್ಲಿ ಒರೆಸಿ, ತಂತಿ ಕಟ್ಟಿ, ಹಲಸಿನ ಮರದ ಕೊಂಬೆಗೆ ನೇತುಹಾಕಿದೆ. ಪುಟ್ಟ ಸ್ಪ್ರೇ ಗನ್ನಿನಲ್ಲಿ ಒಂದೇ ತೆಳು ಲೇಪ. ಕಾಗದಕ್ಕಿಂತಲೂ ತೆಳುವಾಗಿರಬೇಕು. ಆವಿಯನ್ನು ಸೋಸುವ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಹಾಕಿಕೊಳ್ಳಿ, ಮೂಗಿಗೆ ಬೈರಾಸು ಕಟ್ಟಿಕೊಂಡರೆ ಸಾಲದು.

ಐದು ದಿನ ಮುಟ್ಟಬಾರದು. ಈ ದ್ರವ ಗಟ್ಟಿಯಾಗುವುದು ಗಾಳಿಯಲ್ಲಿರುವ ತೇವದಿಂದ. ಮೂವತ್ತು ವರ್ಷ ನನ್ನ ಕ್ರೋಮನ್ನು ತಿಂದ ತೇವ ಅದು. ಓದಿದಾಗ ನಗು ಬಂತು. ಆರನೆಯ ದಿನ ಹೊಸ ವಾಷರ್ ಹಾಕಿ ಪೈಪು ಕೂರಿಸಿದೆ. ನಟ್ಟಿನ ಸಂದಿನಲ್ಲಿ ಎಣ್ಣೆ ಜಿನುಗಿದರೆ ಕಪ್ಪು ಮೈ ಮೇಲೆ ಕೊಳಕಾಗಿ ಕಾಣುತ್ತದೆ, ಆದ್ದರಿಂದ ಮೊದಲ ಸುತ್ತಾಟದ ನಂತರ ಇನ್ನೊಮ್ಮೆ ಬಿಗಿ ಮಾಡಿ.

ಇದಾಗಿ ನಾಲ್ಕು ಮಳೆಗಾಲ ಕಳೆದಿವೆ. ಗುಳ್ಳೆ ಇಲ್ಲ, ಹಾಳೆ ಇಲ್ಲ. ಸಂಜೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಎಳೆದರೆ ಮುಗಿಯಿತು. ಸೈಲೆನ್ಸರುಗಳಿಗೆ ಈಗಲೂ ತೆಂಗಿನೆಣ್ಣೆಯೇ, ಅವನ್ನು ಕಪ್ಪು ಮಾಡಲು ಮನಸ್ಸು ಬರಲಿಲ್ಲ. ಜುಲೈ ಎರಡನೆಯ ಭಾನುವಾರ ಬೆಂಗಳೂರಿನಲ್ಲಿ ಸೇರುವ ಜಾವಾ-ಯೆಜ್ಡಿ ಮಂದಿ ಕಪ್ಪು ಬೆಂಡ್ ಪೈಪು ನೋಡಿ ಸೂತಕದ ಮುಖ ಮಾಡಿದರು. ಅವರೊಮ್ಮೆ ಆಟಿ ತಿಂಗಳಲ್ಲಿ, ನಮ್ಮ ಜಡಿಮಳೆಯ ಕಾಲದಲ್ಲಿ, ಮಲ್ಪೆಗೆ ಬರಲಿ.

ಇಷ್ಟು ಮೆಚ್ಚಿಕೊಂಡ ಮೇಲೆ ಎರಡು ದೂರು. ಮೂರನೆಯ ಮಳೆಗಾಲದಲ್ಲಿ ನನ್ನದೇ ರೈನ್‌ಕೋಟಿನ ಪ್ಯಾಂಟು ಬಲಗಡೆಯ ಪೈಪಿಗೆ ತಾಗಿ ಕರಗಿ ಅಂಟಿತು. ಕ್ರೋಮ್ ಆಗಿದ್ದರೆ ಬ್ಲೇಡಿನಲ್ಲಿ ಎಬ್ಬಿಸಬಹುದಿತ್ತು. ಹಳೆಯ ಅಭ್ಯಾಸ, ಇಲ್ಲೂ ಬ್ಲೇಡ್ ಹಾಕಿದೆ. ಪ್ಲಾಸ್ಟಿಕ್ಕಿನ ಜೊತೆ ಲೇಪವೂ ಗೀರಿ ಹೋಯಿತು. ಪೈಪನ್ನು ಮತ್ತೆ ಬಿಸಿ ಮಾಡಿ, ದಪ್ಪ ಹತ್ತಿಬಟ್ಟೆಯನ್ನು ಕೋಲಿಗೆ ಸುತ್ತಿ ಒರೆಸಬೇಕಿತ್ತು ಎಂದು ಆಮೇಲೆ ಹೊಳೆಯಿತು. ಆ ಗೀರಿನಲ್ಲಿ ಈಗ ಬೆರಳುದ್ದದ ಕಿತ್ತಳೆ ಗೆರೆ ಇದೆ.

ತೇಪೆ ಹಾಕೋಣವೆಂದು ಉಳಿದಿದ್ದ ಮುಕ್ಕಾಲು ಬಾಟಲಿ ತೆಗೆದರೆ, ಒಳಗೆ ಕಲ್ಲು. ಮುಚ್ಚಳದ ಸಂದಿನಿಂದ ತೇವ ನುಸುಳಿ ಅಲ್ಲೇ ಗಟ್ಟಿಯಾಗಿತ್ತು. ನಾನು ಸಿಟ್ಟಾಗುವುದು ಇಲ್ಲಿ. ನನ್ನ ಒಟ್ಟು ಖರ್ಚು 6,400 ರೂಪಾಯಿ, ಅದರಲ್ಲಿ 4,100 ಬಾಟಲಿಗೇ ಹೋಗಿತ್ತು. ಎರಡು ಬೆಂಡ್ ಪೈಪಿಗೆ ಕಾಲು ಭಾಗ ಸಾಕು. ಉಳಿದದ್ದನ್ನು ಸಣ್ಣ ಗಾಜಿನ ಶೀಷೆಗಳಿಗೆ ಬಾಯಿಮಟ್ಟ ತುಂಬಿಸಿ ಮುಚ್ಚಿಡಿ ಎಂದು ಒಂದು ಸಾಲು ಬರೆದಿದ್ದರೆ ತಯಾರಕರ ಗಂಟೇನು ಹೋಗುತ್ತಿತ್ತು?

ಫೆಬ್ರವರಿಯಲ್ಲಿ ಬಲಗಡೆಯ ಪೈಪು ಮತ್ತೆ ಬಿಚ್ಚುತ್ತೇನೆ. ಒಂದು ಗೀರಿಗೆ ಇಡೀ ಬಾಟಲಿ ತರಿಸಲು ನನ್ನ ಜೇಬು ಒಪ್ಪುವುದಿಲ್ಲ. ಉಡುಪಿ, ಕಾಪು, ಕುಂದಾಪುರದ ಕಡೆ ಯಾರಾದರೂ ಪೈಪು ಬಿಚ್ಚುವವರಿದ್ದರೆ ಹೇಳಿ, ಬಾಟಲಿ ಹಂಚಿಕೊಳ್ಳೋಣ. ಒಲೆ ನನ್ನದು, ಗೆರಟೆ ನೀವು ತನ್ನಿ.